ಬಾರದವರ ಮನೆ

ತಂಗಿಯ ಮಗಳು ಕಂಪನಿಯೊಂದರ ಎಚ್.ಆರ್. ವಿಭಾಗಕ್ಕೆ ಸೇರಿದಾಗ, "ಅದೆಂಥ ಕೆಲಸವೇ?" ಎಂದೆ. "ಜನರನ್ನು ನೋಡಿಕೊಳ್ಳೋದು, ದೊಡ್ಡಮ್ಮ" ಎಂದಳು.

ಈ ಕೆಲಸದ ಒಂದು ಬೇರು ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿದೆ. ಅಲ್ಲಿನ ರೌಂಟ್ರಿ ಕುಟುಂಬದ ಕೋಕೋ ಕಾರ್ಖಾನೆ 1896ರಲ್ಲಿ ಮೇರಿ ವುಡ್ ಎಂಬ ಮಹಿಳೆಯನ್ನು ನೇಮಿಸಿಕೊಂಡಿತು. ದುಡಿಯುವ ಹೆಣ್ಣುಮಕ್ಕಳ ಯೋಗಕ್ಷೇಮವೇ ಆಕೆಯ ಹೊಣೆ. ಕೆಲಸದ ಕೋಣೆಯ ಕಿಟಕಿಗಳಲ್ಲಿ ಹೂವಿಟ್ಟರು. ಕಾಯಿಲೆಯಿಂದ ಬಾರದ ಹುಡುಗಿಯರನ್ನು ಮನೆಗೇ ಹೋಗಿ ವಿಚಾರಿಸಿದರು. 1913ರಲ್ಲಿ ಇಂಥ ಕೆಲಸದವರು ಯಾರ್ಕಿನಲ್ಲಿ ಸೇರಿ ಸಂಘ ಕಟ್ಟಿದಾಗ ಆಕೆಯೇ ಮೊದಲ ಅಧ್ಯಕ್ಷೆ.

ಆದರೆ ಮಾಲೀಕನ ಒಳ್ಳೆಯತನವನ್ನೇ ಎಷ್ಟು ದಿನ ನಂಬುವುದು? ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. ದಯೆಯಾಗಿದ್ದದ್ದು ಕಾನೂನಾಯಿತು.

ಕಾನೂನು ಹುದ್ದೆ ಕೊಡಬಹುದು, ಬಾಗಿಲು ತಟ್ಟುವ ಮನಸ್ಸನ್ನಲ್ಲ. ಇದು ನನಗೆ ಗೊತ್ತು. ಹಿಂದೊಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ಎರಡು ವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ತಪ್ಪದೆ ಗೈರುಹಾಜರಿ ಹಾಕಿದೆ. ಎರಡು ಬೀದಿ ಆಚೆಗಿದ್ದ ಅವಳ ಮನೆಗೆ ಮಾತ್ರ ಹೋಗಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆ, ಎಳೆಯ ತಮ್ಮನನ್ನು ಇವಳೇ ನೋಡಿಕೊಳ್ಳಬೇಕಾಗಿದೆ ಎಂದು ತಿಳಿಯುವಷ್ಟರಲ್ಲಿ ಅವಳು ಶಾಲೆ ಬಿಟ್ಟಾಗಿತ್ತು. ನನ್ನ ಪುಸ್ತಕದಲ್ಲಿ ಒಂದು ತಪ್ಪೂ ಇರಲಿಲ್ಲ.

ತಂಗಿಯ ಮಗಳಿಗೆ ಇದನ್ನು ಹೇಳಿದ್ದೇನೆ. ನಾಳೆ ಎಷ್ಟು ದೊಡ್ಡ ಹುದ್ದೆಗೇರಿದರೂ, ಬಾರದವರು ಯಾಕೆ ಬರಲಿಲ್ಲವೆಂದು ಮೊದಲು ಕೇಳು ಎಂದಿದ್ದೇನೆ.