ಕೈನಡುಕದ ಮದ್ದಿಗೆ ಕೋಲ್ಕತ್ತದ ನಂಟು

ಇವತ್ತಿನ ಮಾತು ಶುರುವಾಗೋದು ಕೋಲ್ಕತ್ತದ ಲೇಕ್ ಮಾರ್ಕೆಟ್‌ನಲ್ಲಿ. ಕೆಲಸಕ್ಕಂತ ಇಲ್ಲಿಗೆ ಬಂದ ನಮ್ಮಂಥವರಿಗೆ ಫಿಲ್ಟರ್ ಕಾಫಿಪುಡಿ, ಬಾಳೆಎಲೆ ಸಿಗೋ ಜಾಗ ಇದು. ಹೋದ ವರ್ಷ ಕಾಫಿಪುಡಿಗೆ ನಿಂತಿದ್ದಾಗ ಊರಿಂದ ಅಪ್ಪನ ಫೋನ್ ಬಂತು. "ಬ್ಯಾಂಕಲ್ಲಿ ನನ್ನ ಸಹಿ ಹೊಂದ್ತಿಲ್ಲ ಅಂತಾರೆ ಕಣೋ." "ವಯಸ್ಸಾಯ್ತಲ್ಲಪ್ಪ" ಅಂತ ನಕ್ಕುಬಿಟ್ಟೆ. ಎಂಟು ತಿಂಗಳಾದ ಮೇಲೆ ನರರೋಗ ತಜ್ಞರು ಹೇಳಿದ್ರು, ಇದು ಪಾರ್ಕಿನ್ಸನ್ ಕಾಯಿಲೆ ಅಂತ. ಅಕ್ಷರ ಸಣ್ಣದಾಗ್ತಾ ಹೋಗೋದೂ ಅದರ ಲಕ್ಷಣವೇ ಅಂತೆ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಈ ಕಾಯಿಲೆಯ ಮದ್ದಿನ ಚರಿತ್ರೆ ಇದೇ ಊರನ್ನು ಹಾದುಹೋಗುತ್ತೆ.

ಆಯುರ್ವೇದದಲ್ಲಿ ಕಂಪವಾತ ಅನ್ನೋ ಹೆಸರಿದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ಗಮನಿಸಿ ಪ್ರಬಂಧ ಬರೆದರು. ಮದ್ದು ಸಿಗೋಕೆ ಇನ್ನೂ ನೂರೈವತ್ತು ವರ್ಷ ಬೇಕಾಯ್ತು.

1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್, ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗೂ ಉಪಯೋಗ ಅಂತ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಕೂತುಬಿಟ್ಟವು. ಎಲ್-ಡೋಪಾ ಕೊಟ್ಟರೆ ಮತ್ತೆ ಓಡಾಡಿದವು! ಮಿದುಳಿನ ಡೋಪಮಿನ್‌ಗೂ ಚಲನೆಗೂ ಇರೋ ನಂಟು ಹೀಗೆ ಬೆಳಕಿಗೆ ಬಂತು. ಪಾರ್ಕಿನ್ಸನ್ ಇದ್ದವರ ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾಗಿರುತ್ತೆ ಅಂತ 1960ರಲ್ಲಿ ವಿಯೆನ್ನಾದವರು ತೋರಿಸಿದರು.

ಇನ್ನೊಂದು ಸ್ವಾರಸ್ಯ ನೋಡಿ. ಅದೇ ಎಲ್-ಡೋಪಾವನ್ನು ಮದರಾಸಿನ ದಾಮೋದರನ್, ರಾಮಸ್ವಾಮಿ ಅವರು ನಮ್ಮ ಬೇಲಿಗಳಲ್ಲಿ ಬೆಳೆಯೋ ನಸುಗುನ್ನಿ ಬೀಜದಿಂದ 1937ರಲ್ಲೇ ಬೇರ್ಪಡಿಸಿದ್ದರು. ಹಾಗಂತ ಮನೇಲಿ ಪುಡಿ ಮಾಡಿ ಕೊಡಬೇಡಿ. ಪ್ರಮಾಣ ಮತ್ತು ಹೊತ್ತು ತಪ್ಪಬಾರದ ಮದ್ದು ಇದು. ಡಾಕ್ಟರೇ ನೋಡಿ ಕೊಡಬೇಕು.

ಜಗತ್ತಿನಲ್ಲಿ 1990ರಲ್ಲಿ ಸುಮಾರು 25 ಲಕ್ಷ ಇದ್ದ ರೋಗಿಗಳು 2019ರ ಹೊತ್ತಿಗೆ 85 ಲಕ್ಷ ದಾಟಿದ್ದರು. ಆಯಸ್ಸು ಹೆಚ್ಚಿದ್ದು ಇದಕ್ಕೆ ದೊಡ್ಡ ಕಾರಣ. ಕಾಯಿಲೆ ಪೂರ್ತಿ ವಾಸಿಯಾಗಲ್ಲ, ಆದರೆ ಮಾತ್ರೆಯಿಂದ ಓಡಾಟ ಎಷ್ಟೋ ಸುಧಾರಿಸುತ್ತೆ. ಅಪ್ಪ ಈಗ ತಾವೇ ಹಾಲು ತರೋಕೆ ಹೋಗ್ತಾರೆ.

ಆ ಎಂಟು ತಿಂಗಳು ಹಾಳಾಗಿದ್ದು ಮದ್ದು ಇಲ್ಲದೆ ಅಲ್ಲ, ನಾನು ಗಮನಿಸದೆ. ನಡೆಯುವಾಗ ಒಂದು ಕೈ ಬೀಸದಿರೋದು, ವಾಸನೆ ಗೊತ್ತಾಗದಿರೋದು, ಇವೆಲ್ಲ ವಿಡಿಯೋ ಕಾಲ್‌ನಲ್ಲಿ ಕಾಣಲ್ಲ. ಈ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ನಾಲ್ಕು ಹೆಜ್ಜೆ ನಡೀರಿ. ಅಂಗಡಿ ಸಾಮಾನಿನ ಚೀಟಿ ಅವರ ಕೈಯಲ್ಲೇ ಬರೆಸಿ.