ಅಂತರ್ಜಾಲದಲ್ಲಿ ವಾಕ್‌ಸ್ವಾತಂತ್ರ್ಯವೂ ಶಾಸನದ ಲಕ್ಷಣದೋಷವೂ

ಲಿಟ್ಟನ್ ಪ್ರಭುವಿನ ಆಡಳಿತದಲ್ಲಿ 1878ರಲ್ಲಿ ಹೊರಟ ಪತ್ರಿಕಾಶಾಸನವು ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟು ದೇಶಭಾಷೆಯವುಗಳನ್ನು ಮಾತ್ರವೇ ಬಾಧಿಸಿತೆಂಬುದು ಸುವಿದಿತವಾಗಿದೆ. ಮೈಸೂರು ಸಂಸ್ಥಾನದಲ್ಲಿಯೂ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಸರ್ಕಾರದ ಅನುಜ್ಞೆಯಿಲ್ಲದೆ ವೃತ್ತಪತ್ರಿಕೆಯನ್ನು ಪ್ರಕಟಿಸಕೂಡದೆಂಬ ನಿಬಂಧನೆಯುಂಟಾಯಿತು. ಈ ಶಾಸನಗಳ ಸಂತತಿಯು ಅಚ್ಚುಮೊಳೆಯನ್ನು ಬಿಟ್ಟು ಅಂತರ್ಜಾಲವನ್ನು ಹೊಕ್ಕ ಬಗೆಯೇ ಇಲ್ಲಿ ವಿಚಾರಣೀಯವಾದುದು.

2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ 66ಎ ಎಂಬ ಕಲಮು ಸೇರಿ, 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಅತ್ಯಂತ ಆಕ್ಷೇಪಾರ್ಹವಾದ ಸಂದೇಶವನ್ನು ಕಳುಹಿದವನಿಗೂ, ಸುಳ್ಳೆಂದರಿತೂ ಪರರಿಗೆ ಕಿರುಕುಳವನ್ನೋ ಅನಾನುಕೂಲವನ್ನೋ ಉಂಟುಮಾಡಲೆಂದು ಕಳುಹುತ್ತಿದ್ದವನಿಗೂ ಮೂರು ವರ್ಷಗಳವರೆಗೆ ಸೆರೆ. ಆಕ್ಷೇಪಾರ್ಹವೆಂದರೇನು? ಕಾಯಿದೆಯು ಲಕ್ಷಣವನ್ನು ಹೇಳಲೇ ಇಲ್ಲ. ಲಕ್ಷ್ಯವಲ್ಲದುದನ್ನೂ ಒಳಕೊಳ್ಳುವುದು ಅತಿವ್ಯಾಪ್ತಿದೋಷವೆಂದು ನೈಯಾಯಿಕರು ಹೇಳುವರು. ಕೊಂಬುಳ್ಳದ್ದೆಲ್ಲ ಗೋವೆಂದರೆ ಎಮ್ಮೆಯೂ ಗೋವಾಗುವುದು. ತರ್ಕಸಂಗ್ರಹವನ್ನೋದುವ ಬಾಲಕನಿಗೂ ತಿಳಿದ ಈ ದೋಷವು ಶಾಸನಕರ್ತರಿಗೆ ತೋರದೆ ಹೋದುದು ಸೋಜಿಗವೇ ಸರಿ. ಪಾಠಶಾಲೆಯಲ್ಲಾದರೋ ಇದರ ಫಲವು ವಾದದಲ್ಲಿ ಸೋಲು, ಇಲ್ಲಿ ಸೆರೆಮನೆ. 2012ರ ನವೆಂಬರಿನಲ್ಲಿ ಬಾಳ ಠಾಕರೆಯವರು ತೀರಿಕೊಂಡಾಗ ಮುಂಬಯಿಯು ಸ್ತಬ್ಧವಾದುದನ್ನು ಕುರಿತು ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದ ತರುಣಿಯನ್ನೂ, ಅದಕ್ಕೆ ಮೆಚ್ಚುಗೆಯ ಗುರುತನ್ನೊತ್ತಿದ ಮತ್ತೊಬ್ಬಳನ್ನೂ ಪಾಲಘರದ ಪೋಲೀಸರು ಹಿಡಿದರು.

ಆ ವರ್ಷವೇ ಶ್ರೇಯಾ ಸಿಂಘಾಲ್ ಎಂಬವಳು ಸರ್ವೋಚ್ಚ ನ್ಯಾಯಾಲಯವನ್ನು ಆಶ್ರಯಿಸಿದಳು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್, ರೋಹಿಂಟನ್ ನಾರಿಮನ್ ಇವರು ಆ ಕಲಮನ್ನು ರದ್ದುಗೊಳಿಸಿದರು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬೀ ಮೂರನ್ನು ವಿಂಗಡಿಸಿ, ಮೂರನೆಯದನ್ನು ಮುಟ್ಟಿದಲ್ಲದೆ ಮಾತು ದಂಡ್ಯವಾಗದೆಂದು ಹೇಳಿದ ಈ ತೀರ್ಪು ಶಾಸ್ತ್ರಸಮ್ಮತವಾದ ವಿವೇಕವೆನ್ನಬಹುದು. ಆದರೂ ಸತ್ತ ಕಲಮಿನ ಹೆಸರಿನಲ್ಲಿ ಮೊಕದ್ದಮೆಗಳು ನಡೆಯುತ್ತಲೇ ಇದ್ದುವು. ಅವನ್ನು ನಿಲ್ಲಿಸಿರೆಂದು ನ್ಯಾಯಾಲಯವು 2022ರ ಅಕ್ಟೋಬರಿನಲ್ಲಿ ಮರಳಿ ಆಜ್ಞಾಪಿಸಬೇಕಾಯಿತು.

ಅದೇ ತೀರ್ಪು 69ಎ ಕಲಮನ್ನು ಮಾತ್ರ ಎತ್ತಿಹಿಡಿಯಿತು. ಬರೆಹಗಳನ್ನು ಅಂತರ್ಜಾಲದಲ್ಲಿ ಕಾಣದಂತೆ ತಡೆಯುವ ಅಧಿಕಾರವು ಸರ್ಕಾರಕ್ಕೆ ಇದರಿಂದಲೇ ಬರುವುದು. ಕಾರಣಗಳನ್ನು ಬರೆದಿಡಬೇಕಾದುದರಿಂದ ಬಾಧಿತನು ಅವನ್ನು ಪ್ರಶ್ನಿಸಬಹುದೆಂಬುದು ಅಲ್ಲಿಯ ಯುಕ್ತಿ. 2009ರ ನಿಯಮಾವಳಿಯ 16ನೆಯ ನಿಯಮವಾದರೋ ದೂರನ್ನೂ ಅದರ ಮೇಲಿನ ಕ್ರಮವನ್ನೂ ಗುಟ್ಟಾಗಿಡಬೇಕೆನ್ನುತ್ತದೆ. ಕಾಣದ ಪತ್ರವನ್ನು ಖಂಡಿಸುವುದೆಂತು? ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವ ಪದ್ಧತಿ ಯಾವ ದರ್ಶನದಲ್ಲಿಯೂ ಇಲ್ಲ. ಕಾಶ್ಮೀರದ ಅನುರಾಧಾ ಭಸೀನರ ಪ್ರಕರಣದಲ್ಲಿ, 2020ರ ಜನವರಿಯಲ್ಲಿ, ಅಂತರ್ಜಾಲಸೇವೆಯನ್ನೇ ನಿಲ್ಲಿಸುವ ಆಜ್ಞೆಗಳನ್ನು ಪ್ರಕಟಿಸಬೇಕೆಂದು ಅದೇ ನ್ಯಾಯಾಲಯವು ವಿಧಿಸಿತು. ಊರಿಗೂರೇ ಮೂಕವಾದಾಗ ದೊರೆತ ಈ ರಕ್ಷಣೆಯು ಒಬ್ಬ ಬರೆಹಗಾರನು ಮೂಕನಾದಾಗಲೂ ದೊರೆಯಬೇಕಾದುದು ನ್ಯಾಯ.

ತಡೆಯಾಜ್ಞೆಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪೆನಿಯು ಬೆಂಗಳೂರಿನಲ್ಲಿ ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2023ರ ಜೂನ್ 30ರಂದು ವಜಾಮಾಡಿ 50 ಲಕ್ಷ ರೂಪಾಯಿ ದಂಡವನ್ನು ವಿಧಿಸಿತು. ಯಾರ ಮಾತು ತಡೆಯಲ್ಪಟ್ಟಿತ್ತೋ ಅವರು ಆ ಅರ್ಜಿಯಲ್ಲಿ ವಾದಿಗಳಾಗಿರಲಿಲ್ಲ.