ತಟ್ಟೆಯ ಚರಿತ್ರೆ: ಬೆಣ್ಣೆದೋಸೆ, ಖಾರಾಬನ್ನು ಮತ್ತು ಸೂರಿಗೆ ಸಿಕ್ಕಿಸಿದ ಲೋಟ

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಈಗ ಮೊಬೈಲ್ ತೆಗೆದ್ರೆ ಸಾಕು, ತಿಂಡಿ ವಿಡಿಯೋಗಳು. ದಾವಣಗೆರೆ ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ, ಶಿವಮೊಗ್ಗದ ಬೇಕರಿ, ಹಳ್ಳಿ ಖಾನಾವಳಿ. ಮಾಡೋರು ಖುಷಿಯಾಗಿ ಮಾಡ್ತಾರೆ, ನಾವೂ ಖುಷಿಯಾಗಿ ನೋಡ್ತೀವಿ. ಆದರೆ ಎಲ್ಲರೂ ಒಂದೇ ಮಾತು ಹೇಳ್ತಾರೆ: "ಇದು ನಮ್ಮೆಲ್ಲರ ರುಚಿ, ತಲೆತಲಾಂತರದ ಪರಂಪರೆ." ಈ "ನಮ್ಮೆಲ್ಲರ" ಅನ್ನೋ ಪದದ ಹತ್ರ ನಂಗೆ ತುತ್ತು ಗಂಟಲಲ್ಲಿ ನಿಲ್ಲುತ್ತೆ. ಆ ಬೆಂಚಿನ ಮೇಲೆ ಯಾರು ಯಾವಾಗಿಂದ ಕೂತ್ರು, ಯಾರಿಗೆ ತಟ್ಟೆ ಸಿಕ್ತು, ಯಾರಿಗೆ ಸಿಗಲಿಲ್ಲ? ಇದನ್ನ ಬಿಟ್ಟು ತಿಂಡಿಯ ಚರಿತ್ರೆ ಬರೆಯೋಕಾಗಲ್ಲ.

ನಮ್ಮ ಸವಳಂಗ ದಾರಿ ಕೂಡೋ ಊರು. ಶಿವಮೊಗ್ಗದಿಂದ ಬಂದ ದಾರಿ ಇಲ್ಲಿ ಶಿಕಾರಿಪುರಕ್ಕೂ ನ್ಯಾಮತಿ, ಹೊನ್ನಾಳಿಗೂ ಒಡೆಯುತ್ತೆ. ಬಸ್ಸು ನಿಲ್ಲೋ ಕಡೆ ಚಾದಂಗಡಿ ಹುಟ್ಟೋದು ಸಹಜ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಯ್ತು, ನಾವು ಶಿವಮೊಗ್ಗ ಬಿಟ್ಟು ಅಲ್ಲಿಗೆ ಸೇರಿದ್ವಿ. ಆಮೇಲೆ ಹೊನ್ನಾಳಿ ತಾಲ್ಲೂಕು ಹೋಗಿ ನ್ಯಾಮತಿ ತಾಲ್ಲೂಕು ಬಂತು. ಒಂದು ಸರ್ಕಾರಿ ಆದೇಶಕ್ಕೆ ಜಿಲ್ಲೆ ಬದಲಾಗುತ್ತೆ. ಲೋಟ ಬದಲಾಗಲ್ಲ.

ನಮ್ಮ ಸೀಮೆಯ ಕೇರಿಗಳಲ್ಲಿ ವಯಸ್ಸಾದವರನ್ನ ಕೇಳಿ ನೋಡಿ. ಹೋಟೆಲಿನ ಒಳಗೆ ಏನಿತ್ತು ಅಂತ ಅವರಿಗೆ ಗೊತ್ತಿಲ್ಲ, ಹೊರಗೆ ಏನಿತ್ತು ಅನ್ನೋದು ಚೆನ್ನಾಗಿ ಗೊತ್ತು. ಸೂರಿಗೆ ಸಿಕ್ಕಿಸಿದ ಲೋಟ, ಇಲ್ಲಾಂದ್ರೆ ತೆಂಗಿನ ಚಿಪ್ಪು. ಅದನ್ನ ತಾವೇ ತೆಗೀಬೇಕು, ತಾವೇ ತೊಳೀಬೇಕು. ಚಾ ಮೇಲಿಂದ ಸುರೀತಾರೆ, ಕುಡಿದು ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ ಬರಬೇಕು. ಆ ಲೋಟ ಮೈಲಿಗೆ, ಅದೇ ಕೈ ಕೊಟ್ಟ ಕಾಸು ಮಾತ್ರ ಗಲ್ಲಾಪೆಟ್ಟಿಗೆಗೆ ಹೋಗ್ತಿತ್ತು. ಕಾಸಿಗೆ ಜಾತಿ ಇಲ್ಲ ನೋಡಿ!

ಇದು ಹಳ್ಳಿಯ ಕಥೆ ಮಾತ್ರ ಅಂದ್ಕೋಬೇಡಿ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್‌ನ ಮೊದಲ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಹೋಟೆಲೊಂದರ ಬೋರ್ಡಿನಿಂದ "ಬ್ರಾಹ್ಮಣ" ಅನ್ನೋ ಪದ ತೆಗೆಸೋಕೆ ಪೆರಿಯಾರ್ ಕಡೆಯವರು 1957ರಲ್ಲಿ, ಅಂದ್ರೆ ಸಂವಿಧಾನ ಬಂದು ಏಳು ವರ್ಷ ಆದ್ಮೇಲೂ, ಪಿಕೆಟಿಂಗ್ ಮಾಡಬೇಕಾಯ್ತು. ಬೋರ್ಡು ಬರೀ ಹೆಸರು ಹೇಳ್ತಿರಲಿಲ್ಲ, ಯಾರು ಒಳಗೆ ಯಾರು ಹೊರಗೆ ಅಂತಲೂ ಹೇಳ್ತಿತ್ತು.

ಇನ್ನು ಬೇಕರಿ. ನಿಮಗೆ ಇಷ್ಟವಾದ ಬ್ರೆಡ್ಡು, ಬಿಸ್ಕತ್ತು ಒಂದು ಕಾಲದಲ್ಲಿ ಸವರ್ಣರಿಗೇ ಮೈಲಿಗೆ ಆಗಿತ್ತು. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್‌ನಲ್ಲಿ ರಾನಡೆ, ತಿಲಕರಂಥ ದೊಡ್ಡವರ ಮುಂದೆ ಚಹಾ, ಬಿಸ್ಕತ್ತು ಇಟ್ಟಿದ್ದಕ್ಕೆ ಊರೆಲ್ಲ ಗಲಾಟೆ. ಕೊನೆಗೆ ಪ್ರಾಯಶ್ಚಿತ್ತದವರೆಗೂ ಹೋಯ್ತು. ಅದಾಗಿ ಎಂಟು ವರ್ಷಕ್ಕೆ, 1898ರಲ್ಲಿ, ಹಾಸನ ಕಡೆಯ ತಿರುಮಲಾಚಾರ್ ಮತ್ತು ಸೋದರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ಹಾಕಿದರು. ಹೆಸರು ಬ್ಯಾಂಗಲೋರ್ ಬ್ರಾಹ್ಮಿನ್ಸ್ ಬೇಕರಿ. ಅಯ್ಯಂಗಾರ್ ಬೇಕರಿಗಳ ಬೇರು ಅಲ್ಲಿದೆ. ಒಲೆ ಅದೇ, ಮೈದಾ ಅದೇ. ಮೊಟ್ಟೆ ಬಿಟ್ಟರು, ಬೋರ್ಡಿಗೆ ಜಾತಿ ಹಾಕಿದರು, ಮೈಲಿಗೆ ಬ್ರೆಡ್ಡು ಮಡಿ ಆಯ್ತು. ಅವರ ದುಡಿಮೆ, ಕೈರುಚಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಖಾರಾಬನ್ನು, ದಿಲ್‌ಪಸಂದು ನಂಗೂ ಇಷ್ಟ. ಆದರೆ ಒಂದು ಪ್ರಶ್ನೆ. ಜಾತಿ ಹೆಸರು ಒಬ್ಬರಿಗೆ ಬಂಡವಾಳ ಆದರೆ, ಅದೇ ಕಾಲದಲ್ಲಿ ಇನ್ನೊಬ್ಬರಿಗೆ ಏನಾಗಿತ್ತು?

ಉತ್ತರ ಕೊಲ್ಹಾಪುರದಲ್ಲಿದೆ. ಅರಮನೆಯ ಚಾಕರಿಯಲ್ಲಿದ್ದ ಗಂಗಾರಾಮ್ ಕಾಂಬಳೆ ಸವರ್ಣರ ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದವರು. ಶಾಹು ಮಹಾರಾಜರು ಅವರಿಗೆ ನೆರವಾಗಿ ಪೇಟೆಯಲ್ಲೇ ಚಹಾದ ಹೋಟೆಲು ಹಾಕಿಸಿದರು. ಆದರೆ ಕುಡಿಯೋಕೆ ಬರೋರು ಯಾರು? ಆಗ ಮಹಾರಾಜರೇ ಆ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿದರು, ಜೊತೆಯಲ್ಲಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ಯೋಚನೆ ಮಾಡಿ. ಒಬ್ಬ ದಲಿತ ಮಾಡಿದ ಚಹಾ ಮಾರಾಟ ಆಗೋಕೆ ಒಬ್ಬ ರಾಜನೇ ಗಿರಾಕಿ ಆಗಬೇಕಾಯ್ತು.

ಎಲ್ಲಾ ಊರಿಗೂ ಶಾಹು ಮಹಾರಾಜರು ಬರಲ್ಲ. ಅದಕ್ಕೇ ಬಾಬಾಸಾಹೇಬರ ಸಂವಿಧಾನ ಬೇಕಾಯ್ತು. 15ನೇ ವಿಧಿ ಓದಿ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಹೋಗೋದನ್ನ ಜಾತಿ ಕಾರಣಕ್ಕೆ ತಡೆಯೋ ಹಾಗಿಲ್ಲ ಅಂತ ಅಲ್ಲೇ ಇದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡ್ತು. ದೇಶದ ಮೂಲ ಕಾನೂನಲ್ಲಿ ಹೋಟೆಲ್ ಅನ್ನೋ ಪದ ಯಾಕೆ ಬಂತು? ಹೊರಗೆ ನಿಂತವರ ನೋವು ಗೊತ್ತಿದ್ದವರು ಬರೆದದ್ದಕ್ಕೆ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಅದರ 4ನೇ ಕಲಮಿನಲ್ಲಿ ಹೋಟೆಲಿನ ಪ್ರವೇಶ ಬೇರೆ, ಹೋಟೆಲಿನ ಪಾತ್ರೆಗಳ ಬಳಕೆ ಬೇರೆ ಅಂತ ಎರಡನ್ನೂ ಬಿಡಿಸಿ ಹೇಳಿದೆ. ಒಳಗೆ ಬಿಟ್ಟು ಲೋಟ ಬೇರೆ ಕೊಟ್ಟರೂ ಅಪರಾಧವೇ. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯ್ತು.

ಕಾಗದದಲ್ಲಿದ್ದದ್ದನ್ನ ಬೆಂಚಿನವರೆಗೆ ತಂದದ್ದು ಸಂಘಟನೆ. 70ರ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ, ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅವರು ಹುಟ್ಟಿದ ಊರು, ಸಮಿತಿ ಹುಟ್ಟಿದ ಊರು ಎರಡೂ ನಮ್ಮ ಆಸುಪಾಸಿನವೇ. ದಸಂಸ ಹುಡುಗರು ನೀಲಿ ಬಾವುಟ ಹಿಡ್ಕೊಂಡು ಹಳ್ಳಿ ಹೋಟೆಲಿನೊಳಗೆ ಕೂತು "ಒಂದು ಚಾ ಕೊಡಿ" ಅಂದದ್ದು ನಮ್ಮ ಪಾಲಿಗೆ ಒಂದೊಂದೂ ಮಹಾಡ್ ಕೆರೆಯೇ.

ನಾನು ಸಣ್ಣವನಿದ್ದಾಗ ಹೋಟೆಲಿಗಿಂತ ಬೇಕರಿಗೆ ಹೋಗೋಕೆ ಧೈರ್ಯ ಜಾಸ್ತಿ. ಯಾಕೆ ಅನ್ನೋದು ಆಮೇಲೆ ಹೊಳೀತು. ಬೇಕರಿಯಲ್ಲಿ ಕೂರೋ ಹಾಗಿಲ್ಲ, ಎಲ್ಲರೂ ನಿಂತೇ ತಿನ್ನಬೇಕು. ತಟ್ಟೆ ಇಲ್ಲ, ಹಳೇ ಪೇಪರ್ ಚೂರಲ್ಲಿ ಬನ್ನು ಕೊಡ್ತಾರೆ. ತಿಂದು ಪೇಪರ್ ಎಸೆದರೆ ಮುಗೀತು, ತೊಳೆಯೋ ಪ್ರಶ್ನೆಯೇ ಇಲ್ಲ. ಜಾತಿ ಅಲ್ಲಿ ಸತ್ತಿರಲಿಲ್ಲ, ಅದಕ್ಕೆ ಮಾಡೋಕೆ ಕೆಲಸ ಇರಲಿಲ್ಲ ಅಷ್ಟೇ. ಈಗ ಊರೂರಲ್ಲಿ ಬಂದಿರೋ ಪೇಪರ್ ಕಪ್ಪಿನದೂ ಇದೇ ಕಥೆ. ಸ್ಟೀಲ್ ಲೋಟ ಒಳಗೆ ಇಟ್ಕೊಂಡು, ಕೇರಿಯವರು ಬಂದಾಗ ಮಾತ್ರ ಪೇಪರ್ ಕಪ್ ತೆಗೆದರೆ, ಅದು ಸೂರಿನ ಲೋಟದ ಮೊಮ್ಮಗ. ಗಮನಿಸಿ ನೋಡಿ.

"ಇದೆಲ್ಲ ಹಳೇ ಕಥೆ ಅಣ್ಣಾ" ಅನ್ನೋರಿಗೆ ಗಂಗಾವತಿ ತಾಲ್ಲೂಕಿನ ಮರಕುಂಬಿ ನೆನಪಿಸ್ತೀನಿ. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನ ಬಿಡದ ವಿಷಯ ಹೊಗೆಯಾಡಿ, 2014ರ ಆಗಸ್ಟಿನಲ್ಲಿ ಕೇರಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಡ್ತು. ಪ್ರಕರಣ ಮೇಲಿನ ಕೋರ್ಟಿಗೆ ಹೋಗಿದೆ. ನ್ಯಾಯಕ್ಕೆ ಹತ್ತು ವರ್ಷ, ಸಂವಿಧಾನಕ್ಕೆ ಎಪ್ಪತ್ತೈದು ವರ್ಷ. ಜಗಳದ ಮೂಲದಲ್ಲಿ ಇನ್ನೂ ಹೋಟೆಲೇ ಇತ್ತು.

ಒಳಗೆ ಹೋಗೋ ಹಕ್ಕು ಒಂದು ಮಾತು. ನಮ್ಮ ಅಡುಗೆ ಒಳಗೆ ಹೋಗೋದು ಇನ್ನೊಂದು. ಬೆಣ್ಣೆದೋಸೆಗೆ ಒಂದು ಚಂದದ ಕಥೆ ಇದೆ. ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋ ತಾಯಿ 1928ರ ಹೊತ್ತಿಗೆ ದಾವಣಗೆರೆಯಲ್ಲಿ ರಾಗಿ ದೋಸೆ ಹಾಕ್ತಿದ್ದರು, ಮಕ್ಕಳ ಕಾಲಕ್ಕೆ ಅದು ಅಕ್ಕಿ ದೋಸೆ ಆಯ್ತು ಅಂತಾರೆ. ಒಬ್ಬ ಬಡ ಹೆಂಗಸಿನ ದುಡಿಮೆ ಊರಿನ ಹೆಸರಾಯ್ತು. ಸಂತೋಷ. ಆದರೆ ನಮ್ಮ ಅವ್ವಂದಿರು ಜೋಳದ ರೊಟ್ಟಿಗೆ ಮಾಡ್ತಿದ್ದ ಬಾಡು, ಬಿಸಿಲಿಗೆ ಒಣಗಿಸಿಟ್ಟ ಖಂಡ, ನಮ್ಮ ಪಕ್ಕದ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಾತ್ರೆಗೆ ಬರೋ ಲಂಬಾಣಿ ಬಂಧುಗಳ ಸಳೋಯಿ, ಇವು ಯಾವ ಹೋಟೆಲಿನ ಬೋರ್ಡಲ್ಲಿವೆ? ಬ್ರಾಹ್ಮಣರ ಕಾಫಿ ಇದೆ, ಲಿಂಗಾಯತ ಖಾನಾವಳಿ ಇದೆ, ಗೌಡರ ಊಟ ಇದೆ. ಮಾದಿಗರ, ಹೊಲೆಯರ ಹೆಸರಲ್ಲಿ ಬೋರ್ಡು ಹಾಕಿ ನೋಡಿ, ಯಾರು ಒಳಗೆ ಬರ್ತಾರೆ ಅಂತ. ಸಾಲದ್ದಕ್ಕೆ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ನಮ್ಮ ಸೋವಿ ಮಾಂಸದ ಊಟವನ್ನೇ ಅಪರಾಧದ ಪಕ್ಕಕ್ಕೆ ತಂದು ನಿಲ್ಲಿಸ್ತು.

ವಿಡಿಯೋ ಮಾಡೋ ತಮ್ಮಂದಿರೇ, ತಂಗಿಯರೇ, ಮಾಡಿ, ನಾನು ಬೇಡ ಅನ್ನಲ್ಲ. ರುಚಿ ಹೇಗಿದೆ ಅಂತ ಕೇಳಿದ ಮೇಲೆ ಇನ್ನೂ ಮೂರು ಮಾತು ಕೇಳಿ. ಇಲ್ಲಿ ಎಲ್ಲರೂ ಯಾವಾಗಿಂದ ಕೂತು ತಿಂತಾರೆ? ಒಳಗೆ ಹಿಟ್ಟು ರುಬ್ಬೋರು, ಎಂಜಲು ಎತ್ತೋರು ಯಾರು? ಈ ಊರಿನ ಕೇರಿಯಲ್ಲಿ ಏನು ಅಡುಗೆ ಮಾಡ್ತಾರೆ?

ನಮ್ಮ ಹುಡುಗರಿಗೆ ಒಂದು ಮಾತು. ಸೂರಿನ ಲೋಟ ತೊಳೆದ ತಲೆಮಾರು ಈಗ ಕಮ್ಮಿ ಆಗ್ತಿದೆ. ಅವರು ಹೋದರೆ "ಹಂಗೆಲ್ಲ ಏನೂ ಇರಲಿಲ್ಲ" ಅನ್ನೋರ ಮಾತೇ ಚರಿತ್ರೆ ಆಗುತ್ತೆ. ನಿಮ್ಮ ಅಜ್ಜ, ಅಜ್ಜಿ, ಅವ್ವ, ಅಪ್ಪನ ಹತ್ರ ಕೂತು ಕೇಳಿ: ಮೊದಲ ಸಲ ಹೋಟೆಲಿನೊಳಗೆ ಕೂತದ್ದು ಯಾವಾಗ, ಜೊತೆಗೆ ಯಾರಿದ್ದರು, ಏನು ತಿಂದಿರಿ? ವರ್ಷ ಹಾಕಿ, ಊರ ಹೆಸರು ಹಾಕಿ ಬರೆದಿಡಿ.

ಜೈಭೀಮ್.